ಮಳೆಗಾಲದ ಮಡಿಕೇರಿ: ಮನೆಯೂಟದಂಥ ಹೋಟೆಲ್ ಹುಡುಕುವುದು ಹೇಗೆ?

ಕೆಲಸಕ್ಕೆಂದು ಮಡಿಕೇರಿಗೆ ವರ್ಗವಾಗಿ ಬಂದವರು, ಓದಲು ಬಂದು ಪಿಜಿಯಲ್ಲಿ ಇರುವವರು ಜೂನ್ ಶುರುವಾದ ಮೇಲೆ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿದೆ?" ಬಟ್ಟೆ ಒಣಗುವುದಿಲ್ಲ, ಸಂಜೆ ನಾಲ್ಕಕ್ಕೇ ಕತ್ತಲು, ಕರೆಂಟ್ ಹೋಗಿ ಬಂದು ಮಾಡುತ್ತದೆ. ಹೊಟ್ಟೆಗೆ ಬಿಸಿಬಿಸಿಯಾಗಿ, ಮನಸ್ಸಿಗೆ ಹಿತವಾಗಿ ಏನಾದರೂ ಬೇಕು. ಮುಖ್ಯ ರಸ್ತೆಯಲ್ಲಿ 'ಕೂರ್ಗ್ ಸ್ಟೈಲ್' ಬೋರ್ಡುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಜಾಸ್ತಿ ಇರುವುದು ಎರಡು ದಿನಕ್ಕೆ ಬಂದು ಹೋಗುವವರಿಗಾಗಿ. ಇಲ್ಲೇ ಇರುವವರಿಗೆ ಬೇಕಾದದ್ದು ವಾರಕ್ಕೊಮ್ಮೆ, ಎರಡು ಸಲ ಹೋದರೂ ಬೇಸರವಾಗದ ಜಾಗ. ಅದನ್ನು ಹುಡುಕುವ ಕ್ರಮವೇ ಬೇರೆ.

ಮೊದಲು ನಡೆಯುವ ದೂರ ನೋಡಿಕೊಳ್ಳಿ

ಮಡಿಕೇರಿ ಏರು ತಗ್ಗಿನ ಊರು. ಮನೆಯಿಂದ ಕೊಡೆ ಹಿಡಿದು ಹತ್ತು ನಿಮಿಷದಲ್ಲಿ ಹೋಗಿ ಬರಬಹುದಾದಷ್ಟು ಜಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಹೋಟೆಲ್ ಇದ್ದರೆ ಹೊಟ್ಟೆ ತುಂಬಿದ ಮೇಲೆ ಏರು ಹತ್ತಬೇಕು ಅಲ್ವಾ, ಅದನ್ನೂ ನೆನಪಿಡಿ. ಎಷ್ಟೇ ಒಳ್ಳೆಯ ಊಟವಾದರೂ ಸುರಿಯುವ ಮಳೆಯಲ್ಲಿ ದೂರ ಹೋಗಬೇಕೆಂದರೆ ನಾವು ಹೋಗುವುದೇ ಇಲ್ಲ.

ಹುಡುಕಾಟವನ್ನು ಪ್ರವಾಸಿಗರು ಸೇರುವ ರಾಜಾಸೀಟ್ ಕಡೆಯಿಂದ ಶುರು ಮಾಡಬೇಡಿ. ಜನರಿಗೆ ಕೆಲಸವಿರುವ ಕಡೆಯಿಂದ ಶುರು ಮಾಡಿ: ಬಸ್ ಸ್ಟ್ಯಾಂಡ್ ಸುತ್ತ, ಸರ್ಕಾರಿ ಕಚೇರಿಗಳ ಹತ್ತಿರ, ಮಹದೇವಪೇಟೆಯ ಅಂಗಡಿ ಸಾಲಿನ ಅಡ್ಡರಸ್ತೆಗಳು. ಶನಿವಾರ, ಭಾನುವಾರ ಬೇಡ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಒಂದು ಗಂಟೆಗೆ ಸುಮ್ನೆ ಒಂದು ಸುತ್ತು ಹಾಕಿ. ಯಾವ ಮೇಜಿನಲ್ಲಿ ಗುಮಾಸ್ತರು, ಅಂಗಡಿಯವರು, ಬಸ್ ಕಂಡಕ್ಟರ್‌ಗಳು ಮೆನು ನೋಡದೆ ಊಟ ಹೇಳುತ್ತಿದ್ದಾರೆ ನೋಡಿ. ಶುಕ್ರವಾರ ಸಂತೆಯ ದಿನ. ಅವತ್ತು ತೋಟದ ಕಡೆಯವರು, ಹಳ್ಳಿಯವರು ಪೇಟೆಗೆ ಬರುತ್ತಾರೆ. ಅವರು ನುಗ್ಗುವ ಹೋಟೆಲಿಗೆ ಒಂದು ಗುರುತು ಹಾಕಿಡಿ.

ಕೇಳುವ ರೀತಿ ಬದಲಾಯಿಸಿ

ಆಟೋದವರ ಹತ್ತಿರ "ಒಳ್ಳೆ ಹೋಟೆಲ್ ಯಾವುದಣ್ಣ?" ಎಂದರೆ ನಿಮ್ಮನ್ನು ಟೂರಿಸ್ಟ್ ಎಂದುಕೊಂಡು ದೊಡ್ಡ ಹೋಟೆಲಿನ ಹೆಸರು ಹೇಳುತ್ತಾರೆ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಣ್ಣ?" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ದಿನಸಿ ಅಂಗಡಿಯವರು, ಮೆಡಿಕಲ್ ಶಾಪಿನವರು, ಕಚೇರಿಯ ಹಿರಿಯ ಸಿಬ್ಬಂದಿ, ಇವರನ್ನೂ ಹೀಗೆಯೇ ಕೇಳಿ. ಇಬ್ಬರು ಮೂವರ ಬಾಯಲ್ಲಿ ಒಂದೇ ಹೆಸರು ಬಂದರೆ ಅಲ್ಲಿಗೆ ಹೋಗಿ.

ಫೋನಿನಲ್ಲಿ ಸ್ಟಾರ್ ನೋಡುವುದು ತಪ್ಪಲ್ಲ. ಆದರೆ ರಜೆಯ ದಿನಗಳಲ್ಲಿ ಬಂದವರು ಬರೆದದ್ದನ್ನು ಬದಿಗಿಟ್ಟು, ಮಳೆಗಾಲದ ವಾರದ ದಿನಗಳಲ್ಲಿ ಬರೆದದ್ದನ್ನು ಓದಿ. ಗ್ರಾಹಕರು ತೆಗೆದ ಫೋಟೊಗಳಲ್ಲಿ ತಟ್ಟೆ ನೋಡಿ, ಗೋಡೆಯ ಅಲಂಕಾರ ನೋಡಬೇಡಿ.

ಸುಳ್ಳು ಹೇಳದ ಅಡುಗೆ ತರಿಸಿ

ಒಂದೇ ಮೆನುವಿನಲ್ಲಿ ಪಂದಿ ಕರಿ (ಹಂದಿ ಮಾಂಸದ ಅಡುಗೆ), ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಪಿಜ್ಜಾ ಎಲ್ಲವೂ ಇದ್ದರೆ ನಾನಂತೂ ಮುಂದಕ್ಕೆ ಹೋಗುತ್ತೇನೆ. ಎಂಟು ಹತ್ತು ಅಡುಗೆ ಇರುವ, ಅದರಲ್ಲೂ "ಇವತ್ತು ಇದಿಲ್ಲ" ಎಂದು ಹೇಳುವ ಜಾಗದ ಮೇಲೆ ನಂಬಿಕೆ ಜಾಸ್ತಿ.

ಮೊದಲ ದಿನ ಎರಡೇ ಐಟಂ ಸಾಕು. ಮಾಂಸ ತಿನ್ನುವವರಾದರೆ ಕಡಂಬುಟ್ಟು ಮತ್ತು ಪಂದಿ ಕರಿ. ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದ್ದು. ಬೆರಳಿನಲ್ಲಿ ಮುರಿದರೆ ಮೆತ್ತಗೆ ಬಿಡಬೇಕು, ತರಿ ನಾಲಿಗೆಗೆ ಸಿಗಬೇಕು. ಅಂಟಂಟಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಬೆಳಿಗ್ಗೆ ಮಾಡಿಟ್ಟದ್ದು ಎಂದು ತಿಳಿಯಿರಿ.

ಪಂದಿ ಕರಿಯ ಬಣ್ಣ ಕೆಂಪಾಗಿದ್ದರೆ ಅನುಮಾನ ಪಡಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆಯನ್ನು ಕಪ್ಪಾಗುವ ಹಾಗೆ ಹುರಿದು ಪುಡಿ ಮಾಡಿ ಹಾಕುವ ಅಡುಗೆ ಅದು, ಬಣ್ಣ ಕಡುಗಂದು, ಹೆಚ್ಚು ಕಡಿಮೆ ಕಪ್ಪು. ಹುಳಿ ಬರಬೇಕಾದದ್ದು ಕಾಚಂಪುಳಿಯಿಂದ. ಪಣಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಗೆ, ಮಂದವಾಗಿ ಮಾಡಿದ ಹುಳಿ ಅದು. ನಿಂಬೆಹಣ್ಣಿನ ಹುಳಿ ಬಾಯಿಗೆ ಹಾಕಿದ ಕೂಡಲೇ ಚುರುಕೆನ್ನುತ್ತದೆ. ಕಾಚಂಪುಳಿ ಹಾಗಲ್ಲ, ಮೊದಲು ಮಸಾಲೆ ಸಿಗುತ್ತದೆ, ಆಮೇಲೆ ನಿಧಾನವಾಗಿ ಹುಳಿ ಏರುತ್ತದೆ. ಎರಡು ಮೂರು ಸಲ ತಿಂದರೆ ಈ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. "ಕಾಚಂಪುಳಿ ಹಾಕ್ತೀರಾ?" ಎಂದು ನೇರವಾಗಿ ಕೇಳಿ. ಹಾಕುವವರು ಎಲ್ಲಿಂದ ತರಿಸುತ್ತೇವೆ ಎಂಬುದನ್ನೂ ಖುಷಿಯಿಂದ ಹೇಳುತ್ತಾರೆ.

ಸಸ್ಯಾಹಾರಿಗಳಿಗೆ ಅಕ್ಕಿ ರೊಟ್ಟಿಯೇ ಪರೀಕ್ಷೆ. ಅನ್ನವನ್ನು ಅಕ್ಕಿಹಿಟ್ಟಿನ ಜೊತೆ ನಾದಿ, ಕಾವಲಿಯಲ್ಲಿ ಬೇಯಿಸಿ, ಕೆಂಡದ ಮೇಲೆ ಉಬ್ಬಿಸುವ ರೊಟ್ಟಿ ಇದು. ಆರಿದರೆ ನಾರಿನಂತಾಗುತ್ತದೆ, ಆದ್ದರಿಂದ ನೀವು ಹೇಳಿದ ಮೇಲೆಯೇ ತಟ್ಟುವ ಹೋಟೆಲ್ ಬೇಕು. ಐದು ನಿಮಿಷ ಕಾಯಿಸಿದರೆ ಬೇಸರ ಪಡಬೇಡಿ. ಜೊತೆಗೆ ಎಳ್ಳು ಪಜ್ಜಿ, ಅಂದರೆ ಎಳ್ಳಿನ ಚಟ್ನಿ, ಇದ್ದರೆ ಬಿಡಬೇಡಿ. ಹೆಚ್ಚು ಖರ್ಚು ಬೇಡ ಎನ್ನುವವರು ಉಡುಪಿ ಮಾದರಿಯ ಹೋಟೆಲಿನಲ್ಲಿ ಅನ್ನ ಸಾರು ನೋಡಿ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೂ ಸಾರು ಹೊಗೆಯಾಡುತ್ತಿದ್ದರೆ ಆ ಹೋಟೆಲ್ ನಿಮ್ಮದೇ.

ಮಳೆಗಾಲದ ಅಡುಗೆ ಕೇಳಿ

ಜೂನ್‌ನಿಂದ ಆಗಸ್ಟ್ ತನಕ ಬೈಂಬಳೆ, ಅಂದರೆ ಎಳೆ ಬಿದಿರು ಕಣಿಲೆ, ಮತ್ತು ಕಾಡಿನ ಕುಮ್ಮು, ಅಂದರೆ ಅಣಬೆಯ ಕಾಲ. ಇವುಗಳನ್ನು ಮೆನುವಿನಲ್ಲಿ ಬರೆಯುವುದು ಕಡಿಮೆ, ಕೇಳಿದರೇ ಗೊತ್ತಾಗುವುದು. ಹಸಿ ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಾಯಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿದರೆ ಮಾತ್ರ ಹೋಗುತ್ತದೆ. ಅಣಬೆಯಂತೂ ಗುರುತು ಹಿಡಿಯಬಲ್ಲವರೇ ಆರಿಸಿರಬೇಕು. ಹಾಗಾಗಿ ಇವೆರಡನ್ನು ಹೊಸ ಜಾಗದಲ್ಲಿ ತಿನ್ನಬೇಡಿ, ಊರವರು ನಂಬಿ ಹೋಗುವ ಕಡೆ ಮಾತ್ರ ತಿನ್ನಿ. ಆಗಸ್ಟ್ ಮೊದಲ ವಾರದಲ್ಲಿ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬರುತ್ತದೆ. ಆ ಸಮಯದಲ್ಲಿ ಮದ್ದು ಸೊಪ್ಪಿನ ಪಾಯಸ ಸಿಗುತ್ತದೆಯೇ ಎಂದು ವಿಚಾರಿಸಿ. ಆ ನೇರಳೆ ಬಣ್ಣ, ಆ ಘಮ ವರ್ಷದ ಉಳಿದ ದಿನಗಳಲ್ಲಿ ಸಿಗುವುದಿಲ್ಲ.

ಬೇರೆ ಪೇಟೆಗಳಲ್ಲಿ

ಕ್ರಮ ಇದೇ, ಊಟ ಬೇರೆ. ವಿರಾಜಪೇಟೆಗೆ ಕೇರಳ ಹತ್ತಿರ. ಅಲ್ಲಿ ಬೆಳಿಗ್ಗೆ ಪುಟ್ಟು ಕಡಲೆ, ರಾತ್ರಿ ಪರೋಟ ಹುಡುಕಿ. ಬುಧವಾರದ ಸಂತೆ ಅಲ್ಲಿನ ಒಳ್ಳೆಯ ದಿನ. ಕುಶಾಲನಗರದವರಿಗೆ ಕಾವೇರಿ ಹೊಳೆ ದಾಟಿದರೆ ಬೈಲುಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿರುವ ಜಾಗ. ಚಳಿ ಹಿಡಿದ ಸಂಜೆಗೆ ಅಲ್ಲಿನ ತುಕ್ಪಾ (ನೂಡಲ್ಸ್ ಹಾಕಿದ ಸೂಪ್) ಒಂದು ಬಟ್ಟಲು ಸಾಕು. ಅಲ್ಲಿಯೂ ಗೋಲ್ಡನ್ ಟೆಂಪಲ್ ಎದುರು ನಿಲ್ಲದೆ, ಭಿಕ್ಷುಗಳು ಕೂತು ತಿನ್ನುವ ಪುಟ್ಟ ಜಾಗಗಳನ್ನು ನೋಡಿ.

ಎರಡನೇ ಸಲ ಹೋಗಿ ತೀರ್ಮಾನಿಸಿ

ಮೊದಲ ದಿನ ಮಧ್ಯಾಹ್ನ ಹೋಗಿದ್ದರೆ ಎರಡನೇ ಸಲ ರಾತ್ರಿ, ಒಬ್ಬರೇ ಹೋಗಿ. ಒಬ್ಬರೇ ಬಂದವರಿಗೆ ಮೇಜು ಕೊಡುತ್ತಾರಾ? ಹಾಫ್ ಪ್ಲೇಟ್ ಕೇಳಿದರೆ ಮುಖ ಸಿಂಡರಿಸುತ್ತಾರಾ? ಒದ್ದೆ ಕೊಡೆ ಇಡಲು ಜಾಗ, ಕುಡಿಯಲು ಬಿಸಿನೀರು ಇದೆಯಾ? ಇವು ಸಣ್ಣ ವಿಷಯಗಳಲ್ಲ, ಪ್ರತಿ ವಾರ ಹೋಗುವವರಿಗೆ ರುಚಿಯಷ್ಟೇ ಮುಖ್ಯ. ಮಳೆಗಾಲದಲ್ಲಿ ಬೇಗ ಹೋಗಿ, ಎಂಟೂವರೆ ದಾಟಿದರೆ ಆಯ್ಕೆ ಕಮ್ಮಿ.

ಜಾಗ ಹಿಡಿಸಿದರೆ ಫೋನ್ ನಂಬರ್ ತೆಗೆದುಕೊಳ್ಳಿ. "ರಾತ್ರಿಗೆ ನೂಪುಟ್ಟು, ಕೋಳಿ ಕರಿ ಎತ್ತಿಡಿ ಅಕ್ಕ" ಎಂದರೆ ಸಣ್ಣ ಹೋಟೆಲಿನವರು ಎತ್ತಿಡುತ್ತಾರೆ (ನೂಪುಟ್ಟು ಅಂದರೆ ಅಕ್ಕಿ ಶಾವಿಗೆ). ಕೊಡವರ ಹಬ್ಬಗಳಾದ ಸೆಪ್ಟೆಂಬರ್‌ನ ಕೈಲ್ ಪೊಳ್ದ್, ಆಮೇಲೆ ಬರುವ ಹುತ್ತರಿಗೆ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಹಬ್ಬಕ್ಕೆ ಅಡುಗೆಯವರೂ ಊರಿಗೆ ಹೋಗುತ್ತಾರೆ.