ಬೆನ್ನು ಕಾಯುವ ಕೈಟ್‌ಬೋರ್ಡಿಂಗ್ ಹಾರ್ನೆಸ್: ಕೊಳ್ಳುವ ಮುಂಚೆ ಹತ್ತು ನಿಮಿಷ ನೇತಾಡಿ ನೋಡಿ

ಕೈಟ್‌ಬೋರ್ಡಿಂಗ್ ಅಂದರೆ ದೊಡ್ಡ ಗಾಳಿಪಟದ (ಕೈಟ್) ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಲ್ಲಿ ಜಾರುವ ಆಟ. ಅದಕ್ಕಾಗಿ ರಾಮೇಶ್ವರಕ್ಕೆ ನನ್ನ ಎರಡನೇ ಟ್ರಿಪ್, ಮೂರನೇ ದಿನ. ಬೆಳಗ್ಗೆ ಮುಖ ತೊಳೆಯೋಣ ಅಂತ ಬೇಸಿನ್ ಮುಂದೆ ಬಗ್ಗಿದವನಿಗೆ ಮೇಲೇಳಲು ಆಗಲಿಲ್ಲ. ಟೊಂಕದಲ್ಲಿ ಛಳಕ್ ಅಂತು. ಹೊರಗೆ ಒಳ್ಳೆ ಗಾಳಿ, ಪಾಕ್ ಕೊಲ್ಲಿಯ ಆಳವಿಲ್ಲದ ನೀರು. ಬೆಂಗಳೂರಿಂದ ಸುಮಾರು 600 ಕಿಲೋಮೀಟರ್ ಬಂದು, ಆ ದಿನವಿಡೀ ದಡದಲ್ಲಿ ಕೂತು ಬೇರೆಯವರ ಕೈಟ್ ನೋಡಿದ್ದಾಯಿತು. ಸಂಜೆ ಬನಿಯನ್ ತೆಗೆದಾಗ ಕಾರಣ ಕಂಡಿತು. ಪಕ್ಕೆಲುಬಿನ ಮೇಲೆ ಎರಡೂ ಕಡೆ ಕೆಂಪು ಬರೆ. ಸೊಂಟದಲ್ಲಿ ಇರಬೇಕಿದ್ದ ಹಾರ್ನೆಸ್, ಅಂದರೆ ಕೈಟಿಗೆ ಮೈಯನ್ನು ಸಿಕ್ಕಿಸುವ ಅಗಲ ಪಟ್ಟಿ, ಮೂರು ದಿನವೂ ಎದೆಯ ಹತ್ತಿರ ಇತ್ತು. ಸೈಜ್ ಚಾರ್ಟ್ ನೋಡಿ ಆನ್‌ಲೈನಲ್ಲಿ ತರಿಸಿದ್ದು ಅದು. ಬೆನ್ನಿಗೆ ಒಳ್ಳೆಯದು ಅಂದುಕೊಂಡು ದಪ್ಪ ಮೆತ್ತೆ ಇರುವುದನ್ನೇ ಹುಡುಕಿ ಕೊಂಡಿದ್ದೆ.

ಮೆತ್ತೆ ದಪ್ಪಗಿದ್ದರೆ ಬೆನ್ನಿಗೆ ಆಸರೆ ಸಿಗುತ್ತದೆ ಅನ್ನೋದು ತಪ್ಪು ಲೆಕ್ಕ. ಆಸರೆ ಕೊಡೋದು ಎರಡೇ ಎರಡು ಸಂಗತಿ: ಹಾರ್ನೆಸ್ ಕಟ್ಟಿದ ಜಾಗದಲ್ಲೇ ನಿಲ್ಲಬೇಕು, ಅದರ ಹಿಂಭಾಗದ ಆಕಾರ ನಿಮ್ಮ ಬೆನ್ನಿನ ಬಾಗಿಗೆ ಹೊಂದಬೇಕು. ಬಣ್ಣ, ಬ್ರ್ಯಾಂಡ್, ಜೇಬು ಎಲ್ಲ ಆಮೇಲೆ.

ಬೆನ್ನು ನೋಯೋದು ಯಾಕೆ?

ಹೊರಗಿನಿಂದ ನೋಡಿದವರಿಗೆ ಕೈಟನ್ನು ಕೈಯಲ್ಲಿ ಹಿಡಿದು ನಿಂತ ಹಾಗೆ ಕಾಣುತ್ತದೆ. ನಿಜದಲ್ಲಿ ಕೈಗಳದ್ದು ತಿರುಗಿಸುವ ಕೆಲಸ. ಎಳೆತದ ಹೆಚ್ಚಿನ ಪಾಲು ಮುಂದಿನ ದಾರಗಳಲ್ಲಿ ಬಂದು ಚಿಕನ್ ಲೂಪ್ ಅನ್ನುವ ಗಟ್ಟಿ ಉಂಗುರಕ್ಕೆ ಸೇರುತ್ತದೆ. ಆ ಉಂಗುರವನ್ನು ಹೊಟ್ಟೆಯ ಮುಂದೆ ಅಡ್ಡಕ್ಕಿರುವ ಸ್ಪ್ರೆಡರ್ ಬಾರಿನ ಕೊಕ್ಕೆಗೆ ಸಿಕ್ಕಿಸುತ್ತೇವೆ. ಅಲ್ಲಿಂದ ಎಳೆತ ಪೂರ್ತಿ ಸೊಂಟಕ್ಕೆ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಕೈಟ್ ರೇಸ್ ಮೊದಲ ಸಲ ಸೇರಿ ಮಾರ್ಸೇಯಲ್ಲಿ ನಡೆಯಿತಲ್ಲ, ಆ ವಿಡಿಯೋ ಸಿಕ್ಕರೆ ನೋಡಿ. ಸವಾರರು ನೀರಿನ ಮೇಲೆ ಹೊರಕ್ಕೆ ವಾಲಿ, ಮೈ ಭಾರವನ್ನೆಲ್ಲ ಹಾರ್ನೆಸ್ ಮೇಲೆ ಹಾಕಿ ಹೋಗುವುದು ಚೆನ್ನಾಗಿ ಕಾಣುತ್ತದೆ.

ಈ ಎಳೆತ ಮುಂದಕ್ಕೆ ಮಾತ್ರ ಅಲ್ಲ, ಮೇಲಕ್ಕೂ ಇರುತ್ತದೆ. ಹೊಸಬರು ಭಯಕ್ಕೆ ಕೈಟನ್ನು ನೆತ್ತಿಯ ಮೇಲೇ ನಿಲ್ಲಿಸಿಕೊಳ್ಳುವುದರಿಂದ ಅವರಿಗೆ ಮೇಲಿನ ಎಳೆತ ಇನ್ನೂ ಜಾಸ್ತಿ. ಹಾರ್ನೆಸ್ ಸರಿಯಾಗಿ ಕೂತಿಲ್ಲದಿದ್ದರೆ ಜಾರಿ ಪಕ್ಕೆಲುಬಿಗೆ ಏರುತ್ತದೆ. ಆಗ ಕೈಟ್ ಎಳೆಯುವುದು ಬೆನ್ನಿನ ಮಧ್ಯಭಾಗವನ್ನು, ಕಾಲು ಒತ್ತುವುದು ಬೋರ್ಡನ್ನು, ಇವೆರಡರ ನಡುವೆ ಟೊಂಕದ ಐದು ಮೂಳೆಗಳು ಯಾವ ಆಸರೆಯೂ ಇಲ್ಲದೆ ಬಿಲ್ಲಿನ ಹಾಗೆ ಬಾಗುತ್ತವೆ. ಸವಾರಿಯಲ್ಲಿ ಮೈ ಒಂದು ಕಡೆಗೆ ತಿರುಚಿಕೊಂಡೇ ಇರುತ್ತದೆ, ಅದೂ ಸೇರುತ್ತದೆ. ಎರಡು ಗಂಟೆ ಹೀಗೆ ಹೋದರೆ ಎಂಥಾ ಬೆನ್ನಾದರೂ ನೋಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಹಾರ್ನೆಸ್ ಹುಡುಕೋದು ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಮೊದಲು ಅಳತೆ

ಟೈಲರ್ ಟೇಪ್ ತೆಗೆದುಕೊಳ್ಳಿ. ಪ್ಯಾಂಟಿನ ಸೈಜ್ ಲೆಕ್ಕಕ್ಕೆ ಬರುವುದಿಲ್ಲ, ನಾವು ಪ್ಯಾಂಟ್ ಹಾಕುವುದೇ ಹೊಕ್ಕುಳಿಗಿಂತ ಎಷ್ಟೋ ಕೆಳಗೆ. ಹೊಕ್ಕುಳ ಮಟ್ಟದಲ್ಲಿ ಟೇಪ್ ಸುತ್ತಿ, ಹೊಟ್ಟೆ ಒಳಕ್ಕೆ ಎಳೆದುಕೊಳ್ಳದೆ ಸುಮ್ನೆ ಉಸಿರಾಡುತ್ತಾ ಅಳೆಯಿರಿ. ನೀರಿಗೆ ಬರೀ ಶಾರ್ಟ್ಸ್ ಹಾಕಿ ಇಳಿಯುತ್ತೀರಾ, ವೆಟ್‌ಸೂಟ್ (ತಣ್ಣನೆ ನೀರಿಗೆ ಹಾಕುವ ದಪ್ಪ ರಬ್ಬರ್ ಉಡುಪು) ಹಾಕಿ ಇಳಿಯುತ್ತೀರಾ ಅನ್ನೋದೂ ಮುಖ್ಯ. ರಾಮೇಶ್ವರ, ಶ್ರೀಲಂಕಾದ ಕಲ್ಪಿಟಿಯ ಕಡೆಯ ಬೆಚ್ಚಗಿನ ನೀರಿಗೆ ತೆಳು ಟೀ ಶರ್ಟ್ ಸಾಕು. ಅದನ್ನೇ ಹಾಕಿಕೊಂಡು ಅಳೆಯಿರಿ. ಅಳತೆ ಎರಡು ಸೈಜಿನ ನಡುವೆ ಬಂದರೆ ಚಿಕ್ಕದನ್ನೇ ಆರಿಸಿ. ಹಾರ್ನೆಸ್ ನೀರಲ್ಲಿ ನೆನೆದಾಗ, ನಾಲ್ಕು ಸಲ ಬಳಸಿದ ಮೇಲೆ ಸಡಿಲ ಆಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ.

ಜೊತೆಗೆ ಇನ್ನೊಂದು ಅಳತೆ ಬೇಕು, ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಕೊನೆಯ ಪಕ್ಕೆಲುಬಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಎಷ್ಟು ಬೆರಳು ಜಾಗ ಇದೆ ಅಂತ ಕೈಯಿಟ್ಟು ನೋಡಿ. ಈ ಜಾಗ ಕಡಿಮೆ ಇದ್ದವರು ಎತ್ತರದ ಬೆನ್ನಿನ ಹಾರ್ನೆಸ್ ಕಟ್ಟಿದರೆ ಅದರ ಮೇಲಂಚು ಪಕ್ಕೆಗೆ ಚುಚ್ಚುತ್ತದೆ, ಕೆಳಗಂಚು ಸೊಂಟದ ಮೂಳೆ ಮೇಲೆ ಕೂತು ಇಡೀ ಹಾರ್ನೆಸನ್ನು ಮೇಲಕ್ಕೆ ತಳ್ಳುತ್ತದೆ. ಹೆಂಗಸರಿಗೆ ಅಂತಲೇ ಬೇರೆ ಆಕಾರದಲ್ಲಿ ಮಾಡಿದವು ಇವೆ. ಅಗಲ ಸೊಂಟ, ಗಿಡ್ಡ ಮುಂಡದ ಗಂಡಸರಿಗೂ ಅವು ಎಷ್ಟೋ ಸಲ ಚೆನ್ನಾಗಿ ಕೂರುತ್ತವೆ, ಸಂಕೋಚ ಬೇಡ.

ಯಾವ ಬಗೆ?

ಸೊಂಟಕ್ಕೆ ಮಾತ್ರ ಸುತ್ತುವ ವೇಸ್ಟ್ ಹಾರ್ನೆಸ್ ಒಂದು, ತೊಡೆಯ ನಡುವೆ ಪಟ್ಟಿ ಬರುವ ಸೀಟ್ ಹಾರ್ನೆಸ್ ಇನ್ನೊಂದು. ಸೀಟ್ ಹಾರ್ನೆಸ್ ನೋಡಲು ಡೈಪರ್ ಕಟ್ಟಿದ ಹಾಗೆ ಕಾಣುತ್ತದೆ ಅಂತ ಹುಡುಗರು ಮುಖ ಸಿಂಡರಿಸುತ್ತಾರೆ. ಆದರೆ ಟೊಂಕ ಈಗಾಗಲೇ ನೋಯುತ್ತಿದ್ದರೆ ನನ್ನ ಮತ ಅದಕ್ಕೇ. ತೊಡೆಪಟ್ಟಿ ಇರುವುದರಿಂದ ಅದು ಮೇಲೆ ಏರಲಾರದು. ಕೊಕ್ಕೆ ಕೆಳಗೆ ಕೂರುವುದರಿಂದ ಎಳೆತ ಬೆನ್ನನ್ನು ಬಿಟ್ಟು ಕುಂಡಿಗೆ ಬೀಳುತ್ತದೆ, ಕುರ್ಚಿಯಲ್ಲಿ ಕೂತ ಹಾಗೆ. ಮೈ ತಿರುಗಿಸುವುದು, ಟ್ರಿಕ್ ಮಾಡುವುದು ಸ್ವಲ್ಪ ಕಷ್ಟ, ಅಷ್ಟೇ. ಕಲಿಯುವವರಿಗೆ ಅದರಿಂದ ನಷ್ಟವೇನೂ ಇಲ್ಲ.

ವೇಸ್ಟ್ ಹಾರ್ನೆಸ್‌ನಲ್ಲಿ ಮೆತ್ತನೆಯದು, ಗಟ್ಟಿ ಚಿಪ್ಪಿನದು ಅಂತ ಮತ್ತೆ ಎರಡು. ಮೆತ್ತನೆಯದು ಕೈಟ್ ಎಳೆದಾಗ ಮಡಚಿಕೊಂಡು ಬೆನ್ನನ್ನು ಎರಡೂ ಪಕ್ಕದಿಂದ ಹಿಂಡುತ್ತದೆ. ಗಟ್ಟಿ ಚಿಪ್ಪು ಮಡಚುವುದಿಲ್ಲ, ಎಳೆತವನ್ನು ಇಡೀ ಬೆನ್ನಿಗೆ ಹರಡುತ್ತದೆ. ರೈಡ್ ಎಂಜಿನ್ ಕಂಪನಿ ಹೆಸರು ಮಾಡಿದ್ದೇ ಇಂಥ ಚಿಪ್ಪಿನಿಂದ. ಮಿಸ್ಟಿಕ್ ಕಂಪನಿಯ ಮೆಜೆಸ್ಟಿಕ್ ಎಕ್ಸ್ ಮಾಡೆಲ್‌ನಲ್ಲಿ ಕಾರ್ಬನ್ ಚಿಪ್ಪು ಇದೆ. ಬೆಲೆ ಸಾದಾ ಹಾರ್ನೆಸ್‌ನ ಎರಡು ಪಟ್ಟು ದಾಟಬಹುದು. ಆದರೆ ಒಂದು ಎಚ್ಚರಿಕೆ. ಮೆತ್ತನೆಯದು ನಾಲ್ಕು ದಿನ ಬಳಸಿದರೆ ಮೈಗೆ ಒಗ್ಗುತ್ತದೆ, ಗಟ್ಟಿ ಚಿಪ್ಪು ನಿಮ್ಮ ಬೆನ್ನಿಗಾಗಿ ಬದಲಾಗುವುದಿಲ್ಲ. ಮೊದಲ ದಿನ ಹೊಂದದ್ದು ನೂರನೇ ದಿನವೂ ಹೊಂದದು. ಅದಕ್ಕೇ ಮುಂದಿನ ಹೆಜ್ಜೆ.

ಕಟ್ಟಿ ನೇತಾಡಿ

ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾರ್ನೆಸ್‌ಗೆ ಭಾರ ಬೀಳಬೇಕು. ಒಳ್ಳೆ ಅಂಗಡಿಗಳಲ್ಲಿ ಇದಕ್ಕೇ ಹಗ್ಗ ಇಳಿಬಿಟ್ಟಿರುತ್ತಾರೆ. ಆನ್‌ಲೈನಲ್ಲಿ ತರಿಸುವುದಾದರೆ ವಾಪಸ್ ಮಾಡಲು ಅವಕಾಶ ಇರುವ ಕಡೆಯೇ ತರಿಸಿ, ಟ್ಯಾಗ್ ಕೀಳದೆ ಮನೆಯಲ್ಲಿ ನೋಡಿ. ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಹಜಾರದ ಸೂರಿನಲ್ಲಿ ಉಯ್ಯಾಲೆಯ ಕಬ್ಬಿಣದ ಕೊಂಡಿ ಇದೆ. ನಾನು ನೋಡಿದ್ದು ಅದರಲ್ಲೇ. ದೊಡ್ಡವರು ಕೂರುವ ಉಯ್ಯಾಲೆಯನ್ನು ತಡೆದ ಕೊಂಡಿ ಆಗಿರಬೇಕು, ಫ್ಯಾನ್ ಹುಕ್ ಖಂಡಿತ ಬೇಡ. ಕೆಳಗೆ ಹಾಸಿಗೆ ಇರಲಿ, ಪಕ್ಕದಲ್ಲಿ ಒಬ್ಬರು ಇರಲಿ.

ಕಟ್ಟುವಾಗ ಹಾರ್ನೆಸ್ಸನ್ನು ಬೇಕಾದ್ದಕ್ಕಿಂತ ಒಂದಿಷ್ಟು ಕೆಳಗೆ ಇಟ್ಟು, ಉಸಿರು ಬಿಟ್ಟು, ಮೊದಲು ಒಳಪಟ್ಟಿ ಆಮೇಲೆ ಸ್ಪ್ರೆಡರ್ ಬಾರಿನ ಪಟ್ಟಿ ಎಳೆಯಿರಿ. ಕೊಕ್ಕೆ ಹೊಕ್ಕುಳ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು. ಈಗ ಬೇರೆಯವರಿಗೆ ನಿಮ್ಮ ಟೊಂಕಕ್ಕೂ ಹಾರ್ನೆಸ್‌ಗೂ ನಡುವೆ ಕೈ ತೂರಿಸಲು ಹೇಳಿ. ಅಂಗೈ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಪೊಳ್ಳು ಇದೆ ಅಂತ ಅರ್ಥ, ನಿಮ್ಮ ಬೆನ್ನಿನ ಬಾಗು ಜಾಸ್ತಿ, ಚಿಪ್ಪಿನದು ಕಡಿಮೆ. ಆ ಮಾಡೆಲ್ ಬಿಟ್ಟುಬಿಡಿ.

ಪೊಳ್ಳು ಇಲ್ಲದಿದ್ದರೆ ಕೊಕ್ಕೆಗೆ ಹಗ್ಗ ಹಾಕಿ, ಕಾಲನ್ನು ನೆಲಕ್ಕೆ ಊರಿ, ನೀರಲ್ಲಿ ವಾಲುವ ಹಾಗೆಯೇ ಹಿಂದಕ್ಕೆ ವಾಲಿ. ಮಂಡಿ ಸ್ವಲ್ಪ ಮಡಚಿರಲಿ. ಒಂದು ನಿಮಿಷಕ್ಕೆ ಎಲ್ಲವೂ ಆರಾಮ ಅನಿಸುತ್ತದೆ, ಹತ್ತು ನಿಮಿಷ ಇರಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ನನಗೆ ನಾಲ್ಕನೇ ನಿಮಿಷದಲ್ಲಿ ಒಂದು ಹಾರ್ನೆಸ್‌ನ ಬಲ ಅಂಚು ಪಕ್ಕೆಗೆ ಒತ್ತುವುದು ಗೊತ್ತಾಯಿತು, ಇನ್ನೊಂದರಲ್ಲಿ ಒಂಬತ್ತನೇ ನಿಮಿಷಕ್ಕೂ ಬೆನ್ನಿನ ಅಡಿಗೆ ಯಾರೋ ಅಂಗೈ ಕೊಟ್ಟು ಹಿಡಿದ ಹಾಗಿತ್ತು. ಕೊಂಡದ್ದು ಎರಡನೆಯದು. ಇಳಿದ ಮೇಲೆ ಚರ್ಮ ನೋಡಿಕೊಳ್ಳಿ: ಕೆಂಪು ಗುರುತು ಅಗಲವಾಗಿ ಹರಡಿದ್ದರೆ ಒಳ್ಳೆಯದು, ಗೆರೆ ಎಳೆದ ಹಾಗಿದ್ದರೆ ಭಾರ ಅಂಚಿನ ಮೇಲೆ ಬಿದ್ದಿದೆ.

ಸ್ಪ್ರೆಡರ್ ಬಾರ್ ಮರೆಯಬೇಡಿ

ಎಷ್ಟೋ ಕಡೆ ಇದನ್ನು ಬೇರೆಯಾಗಿ ಕೊಳ್ಳಬೇಕು, ಉದ್ದವೂ ಬೇರೆ ಬೇರೆ ಇರುತ್ತದೆ. ಪೂರ್ತಿ ಬಿಗಿದ ಮೇಲೂ ಬಾರಿನ ತುದಿಗೂ ಹಾರ್ನೆಸ್‌ಗೂ ಮಧ್ಯೆ ಒಂದೆರಡು ಬೆರಳು ಪಟ್ಟಿ ಉಳಿದಿರಬೇಕು. ಬಾರ್ ಹೋಗಿ ಹಾರ್ನೆಸ್‌ಗೆ ತಾಗಿದರೆ ಇನ್ನು ಬಿಗಿಯಲು ಜಾಗವೇ ಇಲ್ಲ, ನೀರಲ್ಲಿ ಸಡಿಲವಾಗಿ ಏರುವುದು ಗ್ಯಾರಂಟಿ. ಬಾರಿನ ಕೆಳಗೆ ಒಂದು ಸಣ್ಣ ಪಟ್ಟಿ ಇದ್ದರೆ ಅದನ್ನೂ ಹಾಕಿ, ಕೊಕ್ಕೆ ಮೇಲಕ್ಕೆ ಮಗುಚದಂತೆ ತಡೆಯುವುದು ಅದೇ. ಕೊಕ್ಕೆಯ ಬದಲು ಹಗ್ಗದ ಮೇಲೆ ಅತ್ತಿತ್ತ ಜಾರುವ ಬಗೆಯೂ ಇದೆ. ಕೈಟ್ ಯಾವ ಕಡೆಗಿದೆಯೋ ಎಳೆತ ಆ ಕಡೆಗೆ ಸರಿಯುವುದರಿಂದ ಮೈ ತಿರುಚುವುದು ಕಡಿಮೆ. ಅಲೆಯ ಮೇಲೆ ಸರ್ಫ್‌ಬೋರ್ಡ್ ಓಡಿಸುವವರು ಇದನ್ನು ಇಷ್ಟಪಡುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಕಲ್ ಹತ್ತಿರದ ಹೊಲಿಗೆ, ಪಟ್ಟಿ ನವೆದಿದೆಯಾ, ಕೊಕ್ಕೆ ಸವೆದಿದೆಯಾ, ತುಕ್ಕು ಇದೆಯಾ ನೋಡಿ. ಹಿಂಭಾಗವನ್ನು ಎರಡೂ ಕೈಯಲ್ಲಿ ಮಡಚಿ ನೋಡಿ, ಪುಸ್ತಕದ ಹಾಗೆ ಮಡಚಿಕೊಂಡರೆ ಒಳಗಿನ ಬಲ ಹೋಗಿದೆ. ಇನ್ನೂ ಒಳ್ಳೆ ದಾರಿ ಅಂದರೆ ಕಲಿಯುವ ಜಾಗದಲ್ಲೇ ಬಾಡಿಗೆಗೆ ಎರಡು ಮೂರು ಬಗೆ ಕಟ್ಟಿ ನೋಡುವುದು.

ಹೊಸ ಹಾರ್ನೆಸ್ ಹಾಕಿ ನೀರಿಗಿಳಿದ ಮೊದಲ ದಿನ ಹತ್ತು ನಿಮಿಷಕ್ಕೆ ದಡಕ್ಕೆ ಬನ್ನಿ. ಕೈಟನ್ನು ಇಳಿಸಿ, ಹಾರ್ನೆಸ್ ಕೆಳಕ್ಕೆ ಜಗ್ಗಿ, ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಒದ್ದೆಯಾದ ಮೇಲೆ ಎರಡೂ ಕಡೆ ಒಂದಿಷ್ಟು ಎಳೆದುಕೊಳ್ಳಲು ಸಿಕ್ಕೇ ಸಿಗುತ್ತದೆ. ಆಮೇಲೆ ವಾಪಸ್ ನೀರಿಗೆ.