ಕಾಳಿ ಅನ್ನುವ ನಾಯಿಯನ್ನು ಜೆಸ್ಟೋರ್‌ನಲ್ಲಿ ಹುಡುಕಿದ್ದು

ಆತಕೂರಿನ ವೀರಗಲ್ಲಿನ ಮೇಲೆ ಒಂದು ಸಣ್ಣ ಪ್ರಬಂಧ ಬರೆಯಬೇಕಿತ್ತು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ ಕಲ್ಲು ಅದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಲೈಬ್ರರಿಯಲ್ಲಿ ಜೆಸ್ಟೋರ್ (ವಿದ್ವತ್ ಪತ್ರಿಕೆಗಳ ಲೇಖನಗಳಿರುವ ಆನ್‌ಲೈನ್ ಭಂಡಾರ) ಇದೆ, ಹೆಸರು ಹಾಕಿದರೆ ಎಲ್ಲಾ ಬಂದುಬಿಡುತ್ತೆ ಅಂದುಕೊಂಡು ಕೂತೆ. ನಾವು ಇಂಗ್ಲಿಷಿನಲ್ಲಿ ಬರೆಯುವ ಹಾಗೆ ಎರಡು 'ಇ', ಎರಡು 'ಎಲ್' ಹಾಕಿ ವೀರಗಲ್ಲು ಅಂತ ಹೊಡೆದೆ. ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಎರಡು ದಿನ ಹೀಗೇ ಹೋಯಿತು.

ಲೈಬ್ರರಿಯ ಮೇಡಂ ಒಬ್ಬರು ನೋಡಿ ನಕ್ಕರು. "ಬರೆದವನು ಹೇಗೆ ಬರೆದಿದ್ದಾನೋ ಹಾಗೆ ಹುಡುಕು, ನೀನು ಹೇಗೆ ಬರೀತೀಯೋ ಹಾಗಲ್ಲ" ಅಂದರು. ಅಲ್ಲಿಂದ ಕೆಲಸ ಹಳಿಗೆ ಬಂತು. ನೂರು ವರ್ಷದ ಹಿಂದಿನವರು ವಿರಗಲ್, ವಿರಕಲ್ ಅಂತೆಲ್ಲ ಬರೆದಿದ್ದಾರೆ, ಈಚಿನವರು ಹೀರೋ ಸ್ಟೋನ್, ಮೆಮೋರಿಯಲ್ ಸ್ಟೋನ್ ಅನ್ನುತ್ತಾರೆ. ಆ ಕಲ್ಲಿನ ಮೇಲಿರುವ ರಾಜರ ಹೆಸರುಗಳ ಕಥೆಯೂ ಇದೇ: ರಾಷ್ಟ್ರಕೂಟ ಮೂರನೇ ಕೃಷ್ಣ ಶಾಸನದಲ್ಲಿ ಕನ್ನರದೇವ. ಗಂಗರ ಬೂತುಗನ ಹೆಸರಿಗಂತೂ ಕಾಗುಣಿತವೇ ಇಲ್ಲ, ಒಬ್ಬೊಬ್ಬರದು ಒಂದೊಂದು.

ಹಾಗಾಗಿ ಒಂದು ಚೀಟಿಯಲ್ಲಿ ಎಲ್ಲಾ ರೂಪಗಳನ್ನೂ ಬರೆದುಕೊಂಡೆ. ಅವುಗಳ ಮಧ್ಯೆ 'ಆರ್' ಹಾಕಿ (ಇದಾದರೂ ಸರಿ, ಅದಾದರೂ ಸರಿ ಅಂತ; ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಹಾಕಬೇಕು), ಎಲ್ಲವನ್ನೂ ಆವರಣದೊಳಗೆ ಸೇರಿಸಿ, ಆಮೇಲೆ 'ಆಂಡ್' (ಇದೂ ಇರಲೇಬೇಕು ಅಂತ) ಹಾಕಿ ತಕ್ಕೋಲಂ ಅಂತ, ಅಂದರೆ ಶಾಸನದಲ್ಲಿ ಬರುವ ಯುದ್ಧ ನಡೆದ ಊರಿನ ಹೆಸರನ್ನು, ಸೇರಿಸಿದೆ. ಎರಡು ಪದ ಒಟ್ಟಿಗೇ ಬೇಕಿದ್ದರೆ ಉದ್ಧರಣ ಚಿಹ್ನೆ, ಪದದ ಕೊನೆ ಗ್ಯಾರಂಟಿ ಇಲ್ಲದಿದ್ದರೆ ನಕ್ಷತ್ರ ಚಿಹ್ನೆ. ಇಷ್ಟೇ ವಿದ್ಯೆ. ಹಳೇ ಪುಟಗಳ ಸ್ಕ್ಯಾನ್‌ನಲ್ಲಿ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಇದ್ದರೆ ಕಂಪ್ಯೂಟರು ತಪ್ಪು ಓದಿರುತ್ತೆ, ಹಾಗಾಗಿ ಊರಿನ ಹೆಸರು ಸಿಗದಿದ್ದರೆ ಪಕ್ಕದ ಸಾದಾ ಪದದಿಂದ ಹಿಡಿಯಬೇಕು. ನನಗೆ ಒಂದು ಒಳ್ಳೆ ಲೇಖನ ಸಿಕ್ಕಿದ್ದು ಹಂದಿ, ನಾಯಿ ಅಂತ ಹುಡುಕಿದಾಗ!

ಇನ್ನೊಂದು, ಸಿಕ್ಕಿದ್ದನ್ನು ಇಸವಿ ಪ್ರಕಾರ ಜೋಡಿಸಿ ಓದಿ. ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ತಕ್ಕೋಲಂ ಯುದ್ಧದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಅಪ್ಪಿಕೊಂಡು ಮೋಸದಿಂದ ಇರಿದ ಅಂತ ಒಂದು ಹಳೇ ಅನುವಾದ ನೋಡಿ, ಖುಷಿಯಿಂದ ಇಡೀ ಒಂದು ಪುಟ ಬರೆದುಬಿಟ್ಟಿದ್ದೆ. ಅದೆಲ್ಲ ನಿಂತಿರುವುದು ಕಲ್ಲಿನ ಮೇಲಿನ 'ಬಿಸುಗೆ' ಅನ್ನುವ ಒಂದೇ ಪದದ ಮೇಲೆ. ಬೆಸುಗೆ ಅಂದರೆ ಕೂಡುವುದು, ಹಾಗಾಗಿ ಅಪ್ಪುಗೆ ಅಂತ ಓದಿದ್ದರು. ಆದರೆ ಬಿಸುಗೆಗೆ ಆನೆಯ ಮೇಲಿನ ಆಸನ ಅಂತಲೂ ಅರ್ಥ ಇದೆ. ಮುಂದೆ ಅದನ್ನೇ ತಿದ್ದಿ, ಅಂಬಾರಿಯೇ ರಣರಂಗವಾಯಿತು ಅಂತ ಓದಿದರು. ಮೋಸದ ಕಥೆಯೂ ಹೋಯಿತು, ನನ್ನ ಪುಟವೂ ಹೋಯಿತು. ತಿದ್ದುಪಡಿ ಇರುವುದು ನನಗೆ ಗೊತ್ತಾದದ್ದು ಹುಡುಕಾಟದಿಂದಲ್ಲ, ಬೇರೊಂದು ಲೇಖನದ ಅಡಿಟಿಪ್ಪಣಿಯಿಂದ. ಅದಕ್ಕೇ ಈಗ ಒಂದು ಒಳ್ಳೆ ಲೇಖನ ಸಿಕ್ಕಿದರೆ ಮೊದಲು ಅದರ ಅಡಿಟಿಪ್ಪಣಿಗಳನ್ನೇ ಓದುತ್ತೇನೆ.

ಕಾಲೇಜು ಬಿಟ್ಟವರೂ ಜೆಸ್ಟೋರ್‌ನಲ್ಲಿ ಉಚಿತ ಖಾತೆ ಮಾಡಿಕೊಂಡು ತಿಂಗಳಿಗೆ 100 ಲೇಖನ ಆನ್‌ಲೈನಲ್ಲೇ ಓದಬಹುದು. ಇಳಿಸಿಕೊಂಡ ಫೈಲಿಗೆ ಮಾತ್ರ ಆಗಲೇ ಹೆಸರು, ಇಸವಿ ಹಾಕಿಡಿ. ನನ್ನ ಹತ್ತಿರ ಇನ್ನೂ ಬರೀ ನಂಬರಿನ ಹೆಸರಿರುವ 40 ಪಿಡಿಎಫ್‌ಗಳಿವೆ, ಕಾಳಿ ಯಾವುದರಲ್ಲಿದೆ ಅಂತ ಒಂದೊಂದನ್ನೇ ತೆಗೆದು ನೋಡುತ್ತಿದ್ದೇನೆ.