ಎಲ್ಕ್‌ಹಾರ್ಟ್‌ನಿಂದ ಆರ್‌ವಿ ಟ್ರೈಲರ್ ತಲುಪಿಸುವ ಕೆಲಸ: ನನ್ನ ಅನುಭವ

ಮಲಗಲು, ಅಡುಗೆ ಮಾಡಲು, ಸ್ನಾನ ಮಾಡಲು ಅನುಕೂಲವಿರುವ ಪ್ರವಾಸಿ ಗಾಡಿಗಳಿಗೆ ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್, ಗೋಶೆನ್, ಮಿಡ್ಲ್‌ಬರಿ, ನಾಪನೀ ಊರುಗಳ ಸುತ್ತಮುತ್ತ. ಅಲ್ಲಿಂದ ಅವು ದೇಶದ ಮೂಲೆಮೂಲೆಯ ಡೀಲರ್‌ಗಳನ್ನು ತಲುಪಬೇಕು. ಮೋಟರ್‌ಹೋಮ್ ಆದರೆ ಡ್ರೈವರ್ ಅದನ್ನೇ ಓಡಿಸಿಕೊಂಡು ಹೋಗುತ್ತಾನೆ. ಟ್ರೈಲರ್ ಆದರೆ ತನ್ನ ಸ್ವಂತ ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುತ್ತಾನೆ. ನಾನು ಮಾಡುತ್ತಿರುವುದು ಎರಡನೆಯದು. ಸಾಗಾಣಿಕೆ ಕಂಪನಿಯೊಂದರ ಪರವಾನಗಿಯಡಿ ಓಡಿಸುತ್ತೇನಾದರೂ ನಾನು ಅದರ ನೌಕರನಲ್ಲ. ಟ್ರಕ್ಕು, ಡೀಸೆಲ್, ಟೈರು, ರಾತ್ರಿಯ ತಂಗುವಿಕೆ ಎಲ್ಲವೂ ನನ್ನ ಖರ್ಚು. ಯಾವ ಲೋಡ್ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದೂ ನನ್ನದೇ ನಿರ್ಧಾರ. ಈ ಕೆಲಸದ ಲಾಭವೂ ಸುರಕ್ಷತೆಯೂ ಯಾರ್ಡಿನ (ಟ್ರೈಲರ್‌ಗಳನ್ನು ನಿಲ್ಲಿಸಿರುವ ಬಯಲಿನ) ಗೇಟು ದಾಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತವೆ ಎಂಬುದು ನಾನು ಕಂಡುಕೊಂಡ ಮುಖ್ಯ ಸಂಗತಿ.

ಮೊದಲು ಲಾಭದ ವಿಚಾರ. ಬಾಡಿಗೆ ಸಿಗುವುದು ಟ್ರೈಲರ್ ಎಳೆದ ಮೈಲಿಗಳಿಗೆ ಮಾತ್ರ. ಡೀಲರ್ ಊರಿನಿಂದ ಎಲ್ಕ್‌ಹಾರ್ಟ್‌ಗೆ ಮರಳುವ ದಾರಿಯಲ್ಲಿ ಲೋಡ್ ಸಿಗುವುದು ಅಪರೂಪ. ಎಲ್ಕ್‌ಹಾರ್ಟ್‌ನಿಂದ ಡೆನ್ವರ್‌ಗೆ ಸುಮಾರು 1,100 ಮೈಲಿ. ಲೆಕ್ಕಕ್ಕಾಗಿ ಮೈಲಿಗೆ 2 ಡಾಲರ್ ಬಾಡಿಗೆ ಎಂದು ಇಟ್ಟುಕೊಂಡರೆ 2,200 ಡಾಲರ್ ಆಗುತ್ತದೆ, ಕೇಳಲು ಸೊಗಸಾಗಿರುತ್ತದೆ. ಆದರೆ ಟ್ರಕ್ಕು ಓಡುವುದು ಹೋಗಿಬಂದು 2,200 ಮೈಲಿ, ಅಂದರೆ ನಿಜವಾದ ಗಳಿಕೆ ಮೈಲಿಗೆ ಒಂದೇ ಡಾಲರ್. ಎಳೆಯುವಾಗ ಗ್ಯಾಲನ್ನಿಗೆ 10 ಮೈಲಿ, ಖಾಲಿ ಬರುವಾಗ 16 ಮೈಲಿ ಎಂದು ಹಿಡಿದರೆ ಸುಮಾರು 180 ಗ್ಯಾಲನ್ ಡೀಸೆಲ್ ಸುಡುತ್ತದೆ. ಟೈರು, ಆಯಿಲ್, ವಿಮೆ, ಗಾಡಿಯ ಸವೆತ ಬೇರೆ. ಅಮೆರಿಕದ ತೆರಿಗೆ ಇಲಾಖೆಯೇ 2025ರಲ್ಲಿ ವ್ಯವಹಾರಕ್ಕೆ ಓಡಿಸಿದ ವಾಹನದ ವೆಚ್ಚವನ್ನು ಮೈಲಿಗೆ 70 ಸೆಂಟ್ ಎಂದು ನಿಗದಿ ಮಾಡಿತ್ತು. ಆ ದರದಲ್ಲಿ ಕಳೆದರೆ ನಾಲ್ಕು ದಿನಗಳ ದುಡಿಮೆಗೆ ಉಳಿಯುವುದು 660 ಡಾಲರ್, ಅದರಲ್ಲೂ ಮೋಟೆಲ್ ಖರ್ಚು ಮತ್ತು ಸ್ವಂತ ಉದ್ಯೋಗದ ಮೇಲಿನ ತೆರಿಗೆ ಹೋಗಬೇಕು. ಹೀಗಾಗಿ ನಾನು ಯಾವ ಲೋಡನ್ನೂ ಹೋಗುವ ಮೈಲಿಯ ದರ ನೋಡಿ ಒಪ್ಪುವುದಿಲ್ಲ. ಒಟ್ಟು ಬಾಡಿಗೆಯನ್ನು ಎರಡೂ ದಾರಿಯ ಮೈಲಿಗಳಿಂದ ಭಾಗಿಸಿ, ಶುಕ್ರವಾರ ಮಧ್ಯಾಹ್ನದೊಳಗೆ ಡೀಲರ್ ಬಾಗಿಲು ತೆರೆದಿರುವಾಗ ತಲುಪಬಹುದೇ ಎಂದು ನೋಡಿದ ಮೇಲಷ್ಟೇ ಹೂಂ ಎನ್ನುತ್ತೇನೆ, ಏಕೆಂದರೆ ವಾರಾಂತ್ಯ ಪೂರ್ತಿ ಪರಊರಿನಲ್ಲಿ ಕಾಯುವುದೆಂದರೆ ಉಳಿದದ್ದೂ ಕರಗಿದಂತೆ.

ಇನ್ನು ಯಾರ್ಡಿನ ತಪಾಸಣೆ. ಇದಕ್ಕೆ ನಾನು ಒಂದು ಗಂಟೆ ಮೀಸಲಿಡುತ್ತೇನೆ, ಹಿಂದೆ ಯಾರೇ ಕಾಯುತ್ತಿದ್ದರೂ ಅವಸರ ಮಾಡುವುದಿಲ್ಲ. ನಾಲ್ಕು ಮೂಲೆ, ಛಾವಣಿಯ ಅಂಚು, ಕಿಟಕಿ, ಮಡಚಿದ ಮೆಟ್ಟಿಲು, ಸುತ್ತಿಟ್ಟ ಆನಿಂಗ್ (ನೆರಳಿನ ಚಪ್ಪರ), ಒಳಗಿನ ನೆಲ ಎಲ್ಲದರ ಫೋಟೊ ತೆಗೆದು, ಕಂಡ ಗೀರುಗಳನ್ನು ಸರಕು ಪತ್ರದಲ್ಲಿ ಬರೆಸುತ್ತೇನೆ. ಅಲ್ಲಿ ಬರೆಸದ ಗೀರು ಡೀಲರ್ ಬಳಿ ತಲುಪುವ ಹೊತ್ತಿಗೆ ಡ್ರೈವರನ ತಲೆಗೆ ಬರುತ್ತದೆ. ಹೊಸ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ ಬ್ಯಾಟರಿ ಹಾಕುವವನು ಡೀಲರ್. ಆದರೆ ಟ್ರೈಲರ್ ಅಕಸ್ಮಾತ್ ಕಳಚಿಕೊಂಡರೆ ಅದರ ಬ್ರೇಕು ತಾನಾಗಿ ಹಿಡಿಯುವಂತೆ ಮಾಡುವ ಒಂದು ಸ್ವಿಚ್ಚಿದೆ, ಅದಕ್ಕೆ ಬ್ಯಾಟರಿ ಇರಲೇಬೇಕಾದ್ದರಿಂದ ನನ್ನದೇ ಒಂದನ್ನು ಟ್ರಕ್ಕಿನಲ್ಲಿಟ್ಟಿರುತ್ತೇನೆ. ಆ ಸ್ವಿಚ್ಚಿನ ಪಿನ್ ಎಳೆದು, ನಿಧಾನವಾಗಿ ಮುಂದಕ್ಕೆ ಹೋಗಿ, ಚಕ್ರಗಳು ನಿಜಕ್ಕೂ ಕಚ್ಚುತ್ತವೆಯೇ ಎಂದು ಪರೀಕ್ಷಿಸಿದ ನಂತರವೇ ಸರಪಳಿ ಮತ್ತು ದೀಪಗಳ ಕಡೆ ಗಮನ.

ಹೊಸ ಚಕ್ರದ ನಟ್ಟುಗಳು ಮೊದಲ ಕೆಲವು ಮೈಲಿಗಳಲ್ಲಿ ಸಡಿಲವಾಗುವುದು ಸಾಮಾನ್ಯ. ಅಲ್ಯೂಮಿನಿಯಂ ರಿಮ್ಮಿನಲ್ಲಂತೂ ಹೆಚ್ಚು. ಹೊರಟು 50 ಮೈಲಿ ಆಗುವಷ್ಟರಲ್ಲಿ ನಿಲ್ಲಿಸಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್ ಹೊಂದಿಸಿ, ಎದುರುಬದುರು ನಟ್ಟುಗಳನ್ನು ಒಂದೊಂದಾಗಿ ಒತ್ತುತ್ತೇನೆ. ಹೊಂದಿಸಿದ ಬಿಗಿತ ಮುಟ್ಟಿದಾಗ ರೆಂಚ್ ಟಕ್ ಎನ್ನುತ್ತದೆ, ತಕ್ಷಣ ಟಕ್ ಎಂದರೆ ಸರಿ. ಕಾಲು ಸುತ್ತು ತಿರುಗಿದ ಮೇಲೆ ಟಕ್ ಎಂದರೆ ಮುಂದಿನ ನಿಲುಗಡೆಯಲ್ಲಿ ಮತ್ತೊಮ್ಮೆ ನೋಡಬೇಕು. ಆಗಲೇ ಪ್ರತಿ ಚಕ್ರದ ಹಬ್ (ನಡುವಿನ ಗುಂಬ) ಮೇಲೆ ಕೈಯಿಟ್ಟು ಯಾವುದಾದರೂ ಒಂದು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದೆಯೇ ಎಂದೂ ನೋಡುತ್ತೇನೆ.

ರಸ್ತೆಯ ನಿಯಮಗಳು ಲಾರಿಯವರಿಗೆ ಇರುವಂಥವೇ: 10 ಗಂಟೆ ವಿಶ್ರಾಂತಿಯ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಚಾಲನೆ. ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರದಿಂದ ಆರ್‌ವಿ ಸಾಗಿಸುವವರಿಗೆ ವಿನಾಯಿತಿ ಇದೆ, ಕಾಗದದ ಲಾಗ್ ಸಾಕು. ನಾನು ಅತಿ ಹೆಚ್ಚು ಜಾಗ್ರತೆ ವಹಿಸುವುದು ಗಾಳಿಯ ಬಗ್ಗೆ. ಒಳಗೆ ಸಾಮಾನಿಲ್ಲದ ಹೊಸ ಟ್ರೈಲರ್ ಎತ್ತರವಾಗಿಯೂ ಹಗುರವಾಗಿಯೂ ಇರುತ್ತದೆ. ವಯೋಮಿಂಗ್‌ನಲ್ಲಿ ಲಾರಮಿ ಮತ್ತು ರಾಲಿನ್ಸ್ ನಡುವಿನ ಐ-80 ಹೆದ್ದಾರಿಯಲ್ಲಿ ಜೋರು ಗಾಳಿಯಿದ್ದಾಗ ಎತ್ತರದ ಹಗುರ ವಾಹನಗಳನ್ನು ತಡೆಯುತ್ತಾರೆ. ಅಧಿಕೃತವಾಗಿ ತಡೆಯದಿದ್ದರೂ ಮುನ್ಸೂಚನೆ ನೋಡಿ ಲಾರಮಿಯಲ್ಲೇ ಉಳಿದುಬಿಡುತ್ತೇನೆ. ಡೀಲರ್‌ಗೆ ಒಂದು ಫೋನ್ ಮಾಡಿ ತಡವಾಗುತ್ತದೆ ಎಂದರೆ ಯಾರೂ ಬೇಸರಿಸಿಕೊಂಡದ್ದು ನೆನಪಿಲ್ಲ.

ಈ ಉದ್ಯಮದ ಏರಿಳಿತವನ್ನು ಅರಿಯದೆ ಸಾಲದ ಟ್ರಕ್ಕು ಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಕೋವಿಡ್ ಕಾಲದ ಬೇಡಿಕೆಯಲ್ಲಿ, 2021ರಲ್ಲಿ, ಕಾರ್ಖಾನೆಗಳಿಂದ 6 ಲಕ್ಷ ಆರ್‌ವಿಗಳು ಹೊರಬಿದ್ದವು. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಇಳಿಯಿತು. ಲೋಡ್ ಅರ್ಧವಾದರೂ ಟ್ರಕ್ಕಿನ ಕಂತು ಅಷ್ಟೇ ಇರುತ್ತದೆ.

ಇಲ್ಲಿನ ಕನ್ನಡಿಗ ಗೆಳೆಯರು ಇದನ್ನು ವಾರಾಂತ್ಯದ ಹೆಚ್ಚುವರಿ ಆದಾಯವಾಗಿ ಮಾಡಬಹುದೇ ಎಂದು ಕೇಳುವುದುಂಟು. ಎಚ್-1ಬಿ ವೀಸಾದಲ್ಲಿರುವವರು ಮಾಡುವಂತಿಲ್ಲ, ಅದು ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇರುವವರು, ಕೆಲಸದ ಅನುಮತಿ ಪತ್ರ ಪಡೆದ ಎಚ್-4 ಸಂಗಾತಿಗಳು ಮಾಡಬಹುದು. ಅಂಥವರಿಗೆ ನಾನು ಹೇಳುವುದು, ಮೊದಲು ಒಂದು ಋತು ಮೋಟರ್‌ಹೋಮ್ ತಲುಪಿಸಿ ನೋಡಿ ಎಂದು. ಅದಕ್ಕೆ ಸ್ವಂತ ಟ್ರಕ್ಕು ಬೇಡ. ಮರಳಲು ಬಸ್ಸು, ವಿಮಾನ, ಇಲ್ಲವೇ ಕಂಪನಿ ಒಪ್ಪಿದರೆ ಹಿಂದೆ ಕಟ್ಟಿಕೊಂಡು ಹೋದ ಸಣ್ಣ ಕಾರು ಸಾಕಾಗುತ್ತದೆ.